ತಾಯಿಯ ಓದಿಗೊಂದು ಸೂರು

(ಉಪನ್ಯಾಸದ ಪೂರ್ಣಪಾಠ)



ಹಳೇ ಮೈಸೂರು ಸೀಮೆಯಲ್ಲಿ ಒಂದು ಮಾತು ಬಹಳ ಬಳಕೆಯಲ್ಲಿದೆ. ‘ಮಕ್ಕಳ ಓದಿಗೋಸ್ಕರ ಪೇಟೆಯಲ್ಲಿ ಮನೆ ಮಾಡಿದ್ದಾರೆ’ ಎನ್ನುತ್ತಾರೆ. ಬೆಟ್ಟದಪುರ, ಪಿರಿಯಾಪಟ್ಟಣ, ಹುಣಸೂರು, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ ಈ ಮಾತನ್ನು ಕೇಳದವರು ವಿರಳ. ತಂದೆ ಊರಿನಲ್ಲಿ ಹೊಲ, ದನ ನೋಡಿಕೊಂಡಿರುತ್ತಾನೆ. ತಾಯಿಯೋ ಅಜ್ಜಿಯೋ ಹುಣಸೂರಿನಲ್ಲೋ ಮೈಸೂರಿನಲ್ಲೋ ಒಂದು ಕೋಣೆ ಹಿಡಿದು, ಊರಿನಿಂದ ಬಂದ ರಾಗಿ, ಅವರೆಕಾಳಿನಲ್ಲಿ ಅಡುಗೆ ಮಾಡಿ ಹಾಕಿ ಮಕ್ಕಳನ್ನು ಓದಿಸುತ್ತಾಳೆ. ಸಮಾಜ ಇದನ್ನು ತಾಯಿಯ ತ್ಯಾಗವೆಂದು ಮೆಚ್ಚಿಕೊಳ್ಳುತ್ತದೆ. ಬಾಡಿಗೆಗೆ ಮನೆ ಕೊಡುವವರೂ ಸಂತೋಷದಿಂದಲೇ ಕೊಡುತ್ತಾರೆ.

ಆದರೆ ಓದಬೇಕಾದವಳು ಆ ತಾಯಿಯೇ ಆಗಿದ್ದರೆ? ಮಡಿಲಲ್ಲಿ ಮೂರು ವರ್ಷದ ಮಗುವಿದ್ದು, ಗಂಡ ತೀರಿಕೊಂಡಿದ್ದರೆ ಅಥವಾ ಬಿಟ್ಟುಹೋಗಿದ್ದರೆ? ಅಂಥವಳಿಗೆ ಪೇಟೆಯಲ್ಲಿ ಮನೆ ಮಾಡಿಕೊಡುವವರು ಯಾರು? ‘ತಾಯಿಯ ಓದಿಗೋಸ್ಕರ ಮನೆ ಮಾಡಿದ್ದಾರೆ’ ಎಂಬ ಮಾತು ನಮ್ಮಲ್ಲಿ ಇನ್ನೂ ರೂಢಿಗೆ ಬಂದಿಲ್ಲ. ಅದು ಏಕೆ ಬರಲಿಲ್ಲ, ಬರಬೇಕಾದರೆ ಏನಾಗಬೇಕು ಎಂಬುದೇ ಈ ಉಪನ್ಯಾಸದ ವಿಷಯ.

ಇದು ಎಲ್ಲೋ ಒಬ್ಬಿಬ್ಬರ ಕಷ್ಟವಲ್ಲ. ವಿಶ್ವಸಂಸ್ಥೆಯ ಮಹಿಳಾ ಘಟಕ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದ ಕುಟುಂಬಗಳಲ್ಲಿ ಶೇ 4.5ರಷ್ಟನ್ನು, ಅಂದರೆ ಸುಮಾರು 1.3 ಕೋಟಿ ಮನೆಗಳನ್ನು, ಒಂಟಿ ತಾಯಂದಿರೇ ನಡೆಸುತ್ತಿದ್ದರು. ಇನ್ನೂ ಸುಮಾರು 3.2 ಕೋಟಿ ಒಂಟಿ ತಾಯಂದಿರು ತವರಿನಲ್ಲೋ ಅತ್ತೆಯ ಮನೆಯಲ್ಲೋ ಕೂಡು ಕುಟುಂಬದ ನೆರಳಿನಲ್ಲಿದ್ದಾರೆಂದು ಅದೇ ವರದಿ ಅಂದಾಜು ಮಾಡಿತ್ತು. ಎರಡನೆಯ ಸಂಖ್ಯೆಯನ್ನು ಗಮನಿಸಬೇಕು. ಇವರಿಗೆ ಸೂರು ಇದೆ. ಆದರೆ ಅದು ಇನ್ನೊಬ್ಬರ ಸೂರು. ಅಲ್ಲಿ ಉಣ್ಣಲು ಅಡ್ಡಿಯಿಲ್ಲದಿದ್ದರೂ ಓದಲು ಅಪ್ಪಣೆ ಬೇಕು.

ವಾರಾನ್ನದಿಂದ ಹಾಸ್ಟೆಲಿಗೆ

ವಿದ್ಯಾರ್ಥಿಗೆ ಊಟ, ವಸತಿ ಕೊಡುವುದು ಪುಣ್ಯದ ಕೆಲಸವೆಂದು ಕನ್ನಡ ನಾಡು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು. ಮೈಸೂರಿನಲ್ಲಿ ವಾರಾನ್ನದ ಪದ್ಧತಿ ಇತ್ತು. ಬಡ ಹುಡುಗನೊಬ್ಬ ವಾರದ ಏಳು ದಿನಕ್ಕೆ ಏಳು ಮನೆ ಗೊತ್ತು ಮಾಡಿಕೊಂಡು ಉಂಡು, ಛತ್ರದಲ್ಲೋ ದೇವಸ್ಥಾನದ ಜಗಲಿಯಲ್ಲೋ ಮಲಗಿ ಓದುತ್ತಿದ್ದ. ಮುಂದೆ ಒಂದೊಂದು ಸಮುದಾಯವೂ ತನ್ನ ಮಕ್ಕಳಿಗಾಗಿ ವಿದ್ಯಾರ್ಥಿನಿಲಯ ತೆರೆಯಿತು. ಸುತ್ತೂರು, ಸಿದ್ಧಗಂಗೆಯಂಥ ಮಠಗಳು ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ ಎರಡನ್ನೂ ಕೊಟ್ಟವು.

ಸೂರೊಂದು ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ಕುವೆಂಪು ಅವರಿಗಿಂತ ದೊಡ್ಡ ನಿದರ್ಶನ ಬೇಡ. ಮೈಸೂರಿನ ಸಂತೇಪೇಟೆಯ ಕೊಠಡಿಯಲ್ಲಿ ಕಾಯಿಲೆ ಬಿದ್ದಿದ್ದ ಆ ವಿದ್ಯಾರ್ಥಿಯನ್ನು ಸ್ವಾಮಿ ಸಿದ್ಧೇಶ್ವರಾನಂದರು ರಾಮಕೃಷ್ಣಾಶ್ರಮಕ್ಕೆ ಕರೆದೊಯ್ದರು. ಅಲ್ಲಿ ವರ್ಷಗಟ್ಟಲೆ ಇದ್ದು ಅವರು ಓದಿದರು, ಬರೆದರು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಹಿಂದುಳಿದ ವರ್ಗಗಳ ಹಾಸ್ಟೆಲುಗಳು ವಿಸ್ತಾರಗೊಂಡವು. ಮಠ, ಮನೆತನಗಳ ದಾನವಾಗಿದ್ದ ವಸತಿ ಆಗ ಸರ್ಕಾರದ ಹೊಣೆಯೂ ಆಯಿತು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಒಂದು ತಲೆಮಾರು ಈ ಹಾಸ್ಟೆಲುಗಳಿಂದಲೇ ಹೊರಬಂದಿತೆಂದರೆ ಅತಿಶಯವಲ್ಲ.

ಹಾಗೆ ನೋಡಿದರೆ ಈ ಇಡೀ ಪರಂಪರೆ ಒಬ್ಬ ವ್ಯಕ್ತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆದದ್ದು. ಅವನು ಮದುವೆಯಾಗದ ಹುಡುಗ. ಅವನಿಗೆ ಒಂದು ಚಾಪೆ, ಒಂದು ಟ್ರಂಕು, ಒಂದು ತಟ್ಟೆ ಸಾಕು. ಕಾಲಾನಂತರ ಹುಡುಗಿಯರಿಗೂ ಹಾಸ್ಟೆಲುಗಳು ಬಂದವು. ಮೈಸೂರಿನಲ್ಲಿ ಹೆಣ್ಣುಮಕ್ಕಳಿಗಾಗಿ ಮಹಾರಾಣಿ ಶಾಲೆ ಆರಂಭವಾದದ್ದು 1881ರಲ್ಲಿ. ಆದರೆ ಹೆಣ್ಣುಮಕ್ಕಳ ಹಾಸ್ಟೆಲಿನ ಲೆಕ್ಕವೂ ಅದೇ: ಒಬ್ಬಳಿಗೆ ಒಂದು ಮಂಚ. ಮಗುವಿಗೆ ಅಲ್ಲಿ ಜಾಗವಿಲ್ಲ. ರಾತ್ರಿ ಅಳುವ ಮಗು ಪಕ್ಕದವರ ಓದಿಗೆ ಅಡ್ಡಿ ಎಂಬ ವಾರ್ಡನ್ ಮಾತೂ ಸುಳ್ಳಲ್ಲ. ತಾಯಿಗೆ ಮನಸ್ಸಿಲ್ಲವೆಂದಲ್ಲ, ಹಾಸ್ಟೆಲಿನ ನಕ್ಷೆಯಲ್ಲೇ ಮಗು ಇಲ್ಲ.

ಕರಾವಳಿ ಮೂಲದ ಒಬ್ಬ ವಿದ್ಯಾರ್ಥಿನಿ

ಮಗುವನ್ನು ಕಟ್ಟಿಕೊಂಡು ಓದಲು ಹೊರಟ ತಾಯಂದಿರಲ್ಲಿ ಮೊದಲು ನೆನೆಯಬೇಕಾದವರು ಪಂಡಿತಾ ರಮಾಬಾಯಿ. ಅವರ ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ವಿರೋಧ ಎದುರಿಸಿ, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ ಆಶ್ರಮ ಕಟ್ಟಿಕೊಂಡವರು. ರಮಾಬಾಯಿ ಹುಟ್ಟಿದ್ದು 1858ರಲ್ಲಿ, ಅಲ್ಲಿಯೇ. ಸಂಸ್ಕೃತ ವಿದ್ವತ್ತಿಗಾಗಿ 1878ರಲ್ಲಿ ಕಲ್ಕತ್ತೆಯಲ್ಲಿ ‘ಪಂಡಿತಾ’, ‘ಸರಸ್ವತಿ’ ಎಂಬ ಬಿರುದು ಪಡೆದರು. ಬಂಗಾಳದ ವಕೀಲರೊಬ್ಬರನ್ನು 1880ರಲ್ಲಿ ಮದುವೆಯಾದರು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಪತಿ ಕಾಲರಾ ಬೇನೆಯಿಂದ ತೀರಿಕೊಂಡರು. ಇಪ್ಪತ್ನಾಲ್ಕು ತುಂಬುವ ಮುನ್ನವೇ ಅವರು ಒಂಟಿ ತಾಯಿ.

ವೈದ್ಯಕೀಯ ಓದಬೇಕೆಂಬ ಆಸೆಯಿಂದ ಅವರು 1883ರಲ್ಲಿ ಎರಡು ವರ್ಷದ ಮಗಳೊಂದಿಗೆ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿದ್ದರಿಂದ ವೈದ್ಯಕೀಯದ ಆಸೆ ಈಡೇರಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿ ತಾವು ಓದುತ್ತ, ಸಂಸ್ಕೃತ ಪಾಠ ಹೇಳುತ್ತ ದಿನ ಕಳೆದರು. ಅವರಿಗೆ ಆಸರೆ ಕೊಟ್ಟವರು ವಾಂಟೇಜ್ ಎಂಬ ಊರಿನ ಕ್ರೈಸ್ತ ಸಂನ್ಯಾಸಿನಿಯರು. ಮಗುವಿನ ಪಾಲನೆಯಲ್ಲೂ ಅವರ ನೆರವಿತ್ತು. ಅಂದರೆ ಓದುವ ಒಂಟಿ ತಾಯಿಗೆ ಬೇಕಾದ ಮೂರೂ ಅಲ್ಲಿದ್ದವು: ಸೂರು, ಕಾಲೇಜು, ಮಗುವನ್ನು ನೋಡಿಕೊಳ್ಳುವ ಕೈ.

ಆದರೂ ಈ ಕಥೆಗೆ ಇನ್ನೊಂದು ಮುಖವಿದೆ. ಮಗುವಿಗೆ ಯಾವ ಧರ್ಮಬೋಧೆ ಆಗಬೇಕು ಎಂಬ ವಿಷಯದಲ್ಲಿ ರಮಾಬಾಯಿಗೂ ಆಸರೆ ಕೊಟ್ಟವರಿಗೂ ತೀವ್ರ ಭಿನ್ನಾಭಿಪ್ರಾಯ ಬಂದಿತು. ಸ್ವತಃ ಕ್ರೈಸ್ತ ಧರ್ಮ ಸ್ವೀಕರಿಸಿದ್ದರೂ ತಮ್ಮ ಮಗಳ ಬುದ್ಧಿಯನ್ನು ಬೇರೆಯವರು ರೂಪಿಸುವುದನ್ನು ಅವರು ಒಪ್ಪಲಿಲ್ಲ. ಆಸರೆಗಾಗಿ ತಾಯ್ತನದ ಹಕ್ಕನ್ನು ಬಿಟ್ಟುಕೊಡಬೇಕೇ ಎಂಬುದು ಅಂದಿನ ಪ್ರಶ್ನೆ. ಅದು ಇಂದಿಗೂ ಹಳತಾಗಿಲ್ಲ. ದಾನವಾಗಿ ಸಿಕ್ಕ ಸೂರಿನ ಕೆಳಗೆ ಕೊಟ್ಟವರ ಮಾತೇ ನಡೆಯುತ್ತದೆ. ಬಾಡಿಗೆ ಎಷ್ಟೇ ಕಡಿಮೆಯಿರಲಿ, ಹಕ್ಕಿನಿಂದ ಸಿಕ್ಕ ಕೋಣೆಯಲ್ಲಿ ತಾಯಿಯ ಮಾತು ನಡೆಯುತ್ತದೆ.

ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ‘ಶಾರದಾ ಸದನ’ ತೆರೆದರು. ಮರುವರ್ಷ ಅದು ಪುಣೆಗೆ ಹೋಯಿತು. ಮತಾಂತರದ ಗುಮಾನಿಯ ಮೇಲೆ 1893ರಲ್ಲಿ ಹಲವು ಪೋಷಕರು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಅದೇ ಸದನದ ವಿದ್ಯಾರ್ಥಿನಿಯಾಗಿದ್ದ ಬಾಲವಿಧವೆ ಗೋದುಬಾಯಿಯನ್ನು ಧೋಂಡೊ ಕೇಶವ ಕರ್ವೆ ಮದುವೆಯಾದದ್ದೂ 1893ರಲ್ಲಿಯೇ. ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರ ವಸತಿಶಾಲೆ ತೆರೆದರು. ಅದು ಬಳಿಕ ಹಿಂಗಣೆಗೆ ಹೋಯಿತು. ಗೋದುಬಾಯಿಯ ತಂಗಿ ಪಾರ್ವತಿಬಾಯಿ ಆಠವಲೆ ಗಂಡನನ್ನು ಕಳೆದುಕೊಂಡಾಗ ಅವರಿಗೆ ಒಬ್ಬ ಪುಟ್ಟ ಮಗನಿದ್ದ. ದೊಡ್ಡವರಾದ ಮೇಲೆ ಅಕ್ಷರ ಕಲಿತ ಆ ತಾಯಿ ಮುಂದೆ ಅದೇ ವಸತಿಗೃಹದ ಮೇಲ್ವಿಚಾರಕಿಯಾದರು. ಸಂಸ್ಥೆಗೆ ಹಣ ಕೂಡಿಸಲು ಅಮೆರಿಕದವರೆಗೂ ಹೋಗಿಬಂದರು. ಅಲ್ಲಿ ಓದಿದವರೇ ಮುಂದೆ ನಡೆಸುವವರೂ ಆದದ್ದು ಆ ಸಂಸ್ಥೆ ಬಾಳಿದ್ದಕ್ಕೆ ಒಂದು ಮುಖ್ಯ ಕಾರಣ.

ನಮ್ಮ ಜಿಲ್ಲೆಯಲ್ಲೇ ಬೇರೆ ಬಗೆಯ ನಿದರ್ಶನವೊಂದಿದೆ. ನಂಜನಗೂಡಿನ ತಿರುಮಲಾಂಬ ಹದಿನಾಲ್ಕನೆಯ ವಯಸ್ಸಿಗೇ ವಿಧವೆಯಾದರು. ತವರಿನ ಬೆಂಬಲ ಸಿಕ್ಕಿದ್ದರಿಂದ ಮನೆಯಲ್ಲಿಯೇ ಓದಿ, 1913ರಲ್ಲಿ ‘ಸತೀಹಿತೈಷಿಣಿ’ ಗ್ರಂಥಮಾಲೆ ಆರಂಭಿಸಿದರು. ತವರು ಒಳ್ಳೆಯದಿದ್ದರೆ ತವರೇ ವಿದ್ಯಾರ್ಥಿನಿಲಯ ಎಂಬುದಕ್ಕೆ ಇದು ಸಾಕ್ಷಿ. ಆದರೆ ಎಲ್ಲರ ತವರೂ ಹಾಗಿರುವುದಿಲ್ಲವಲ್ಲ.

ಎರಡು ಬಾಗಿಲುಗಳ ನಡುವೆ

ಸ್ವಾತಂತ್ರ್ಯಾನಂತರ ಈ ದಿಸೆಯಲ್ಲಿ ಕೆಲಸವೇ ಆಗಿಲ್ಲವೆಂದಲ್ಲ. ದುರ್ಗಾಬಾಯಿ ದೇಶಮುಖ್ ಅಧ್ಯಕ್ಷತೆಯಲ್ಲಿ 1953ರಲ್ಲಿ ಹುಟ್ಟಿದ ಕೇಂದ್ರ ಸಮಾಜ ಕಲ್ಯಾಣ ಮಂಡಳಿ 1958ರಲ್ಲಿ ವಯಸ್ಕ ಮಹಿಳೆಯರಿಗೆ ಸಂಕ್ಷಿಪ್ತ ಶಿಕ್ಷಣ ಕ್ರಮ ಆರಂಭಿಸಿತು. ಶಾಲೆ ಬಿಟ್ಟವರು ಎರಡು ವರ್ಷದಲ್ಲಿ ಪರೀಕ್ಷೆ ಕಟ್ಟಿ ಶಿಕ್ಷಕಿ, ದಾದಿ, ಗ್ರಾಮಸೇವಿಕೆ ಆಗಲು ಅದು ದಾರಿಯಾಯಿತು. ಉದ್ಯೋಗಸ್ಥ ಮಹಿಳೆಯರ ಹಾಸ್ಟೆಲ್ ಯೋಜನೆಯನ್ನು ಕೇಂದ್ರ ಸರ್ಕಾರ 1972-73ರಲ್ಲಿ ಆರಂಭಿಸಿತು. ಅದನ್ನು 2022ರಲ್ಲಿ ‘ಸಖಿ ನಿವಾಸ’ ಎಂದು ಹೊಸದಾಗಿ ರೂಪಿಸಲಾಯಿತು.

ಈ ಯೋಜನೆಯ ನಿಯಮಗಳು ಓದಲು ಯೋಗ್ಯವಾಗಿವೆ. ತಾಯಿಯ ಜೊತೆ 18 ವರ್ಷದವರೆಗಿನ ಹೆಣ್ಣುಮಗು, 12 ವರ್ಷದವರೆಗಿನ ಗಂಡುಮಗು ಇರಬಹುದು. ಮಕ್ಕಳನ್ನು ನೋಡಿಕೊಳ್ಳುವ ಶಿಶುಕೇಂದ್ರಕ್ಕೂ ಅವಕಾಶವಿದೆ. ಬಾಡಿಗೆ ಒಬ್ಬರ ಕೋಣೆಗೆ ಸಂಬಳದ ಶೇ 15, ಇಬ್ಬರ ಕೋಣೆಗೆ ಶೇ 10, ಸಾಮೂಹಿಕ ಕೋಣೆಗೆ ಶೇ 7.5 ಮೀರಬಾರದು. ಮಗುವನ್ನೂ ತಾಯಿಯ ಜೇಬನ್ನೂ ಒಟ್ಟಿಗೆ ನೋಡಿದ ಕ್ರಮ ಇದು. ಆದರೆ ಯೋಜನೆಯ ಮೂಲ ಕಲ್ಪನೆ ದುಡಿಯುವ ಮಹಿಳೆ. ತರಬೇತಿಯಲ್ಲಿರುವವರಿಗೆ ದೊರೆಯುವ ಜಾಗ ಸೀಮಿತ.

ಇಲ್ಲಿಯೇ ಬಿಕ್ಕಟ್ಟು ಇರುವುದು. ಪದವಿ ಓದುವ ಒಂಟಿ ತಾಯಿ ವಿದ್ಯಾರ್ಥಿನಿಯರ ಹಾಸ್ಟೆಲಿಗೆ ಹೋದರೆ ‘ನಿನಗೆ ಮಗುವಿದೆ’ ಎನ್ನುತ್ತಾರೆ. ಉದ್ಯೋಗಸ್ಥೆಯರ ಹಾಸ್ಟೆಲಿಗೆ ಹೋದರೆ ‘ನಿನಗೆ ಕೆಲಸವಿಲ್ಲ’ ಎನ್ನುತ್ತಾರೆ. ವಸತಿ ಯೋಜನೆಯಲ್ಲಿ ಮನೆ ಕೇಳಿದರೆ ನಿವೇಶನ ಸಿಗುವುದು ಊರಿನಲ್ಲಿ, ಕಾಲೇಜು ಇರುವುದು ಪೇಟೆಯಲ್ಲಿ. ಖಾಸಗಿ ಬಾಡಿಗೆ ಮನೆಗೆ ಹೋದರೆ ಮೊದಲ ಪ್ರಶ್ನೆ, ‘ನಿಮ್ಮ ಯಜಮಾನರು ಏನು ಮಾಡ್ತಾರಮ್ಮ?’. ಆ ಪ್ರಶ್ನೆಗೆ ಉತ್ತರ ಹೇಳಿ ಮುಗಿಸಿದ ಮೇಲೆ ಮುಂಗಡದ ಮಾತು. ಹೆಂಡತಿ ತೀರಿಕೊಂಡು ಮಗುವನ್ನು ಸಾಕುತ್ತ ಓದುವ ತಂದೆಯೂ ಇರಬಹುದು. ಅವನ ಮಗುವಿಗೆ ಯಾವ ಹಾಸ್ಟೆಲಿನ ಬಾಗಿಲೂ ತೆರೆಯುವುದಿಲ್ಲ.

ವಿಶ್ವವಿದ್ಯಾಲಯಗಳು ಈಚೆಗೆ ತಾಯಂದಿರನ್ನು ಗುರುತಿಸತೊಡಗಿವೆ. ವಿದ್ಯಾರ್ಥಿನಿಯರಿಗೆ ಹೆರಿಗೆ ರಜೆ, ಹಾಜರಾತಿ ರಿಯಾಯಿತಿ ಕೊಡುವಂತೆ ಯುಜಿಸಿ 2021ರ ಡಿಸೆಂಬರಿನಲ್ಲಿ ಸೂಚಿಸಿತು. ಕೇರಳ ವಿಶ್ವವಿದ್ಯಾಲಯ 2023ರಲ್ಲಿ ವಿದ್ಯಾರ್ಥಿನಿಯರಿಗೆ ಆರು ತಿಂಗಳ ಹೆರಿಗೆ ರಜೆಯನ್ನು ಒಪ್ಪಿತು. ಇವು ಸ್ವಾಗತಾರ್ಹ. ಆದರೆ ರಜೆ ಮುಗಿದ ಮೇಲೆ ತಾಯಿ ಮರಳಿ ಬರಬೇಕಾದದ್ದು ತರಗತಿಗೆ ಮಾತ್ರವಲ್ಲ, ಒಂದು ಕೋಣೆಗೂ ಹೌದು.

ಬಸ್ಸು ಬಂತು, ಹೊತ್ತು ಬರಲಿಲ್ಲ

ಈ ಪ್ರಶ್ನೆಯನ್ನು ಬೆಟ್ಟದಪುರದಲ್ಲಿ ನಿಂತು ನೋಡಬೇಕು. ಸಿಡಿಲು ಮಲ್ಲಿಕಾರ್ಜುನನ ಬೆಟ್ಟದ ಸುತ್ತಲಿನ ಈ ಸೀಮೆ ಹೊಗೆಸೊಪ್ಪಿನ ಸೀಮೆ. ಎಲೆ ಬಿಡಿಸುವ, ಕಡ್ಡಿಗೆ ಕಟ್ಟುವ, ಬ್ಯಾರನ್ನಿಗೆ ಏರಿಸುವ ಕಾಲದಲ್ಲಿ ಹೆಣ್ಣಾಳಿಗೆ ಕೈತುಂಬ ಕೆಲಸ. ಮಿಕ್ಕ ತಿಂಗಳುಗಳಲ್ಲಿ ಕೂಲಿ ಸಿಕ್ಕರೆ ಸಿಕ್ಕಿತು. ಪೇಟೆಯ ಬಾಡಿಗೆಯಾದರೋ ಹನ್ನೆರಡು ತಿಂಗಳೂ ಒಂದೇ ತಾರೀಖಿಗೆ ಕೊಡಬೇಕಾದದ್ದು. ಹಂಗಾಮಿನ ದುಡಿಮೆಗೂ ತಿಂಗಳ ಬಾಡಿಗೆಗೂ ತಾಳೆಯಾಗುವುದಿಲ್ಲ. ಓದಲು ಹೊರಟ ತಾಯಿ ನಡುವೆ ಬಿಟ್ಟುಬಿಡಲು ಇದೇ ಮೊದಲ ಕಾರಣವಾಗಬಲ್ಲದು.

ಕರ್ನಾಟಕ ಸರ್ಕಾರ 2023ರ ಜೂನ್ 11ರಂದು ‘ಶಕ್ತಿ’ ಯೋಜನೆ ಜಾರಿಗೆ ತಂದು ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಕೊಟ್ಟಿತು. ಇದರಿಂದ ಬೆಟ್ಟದಪುರದ ತಾಯಿಗೆ ಪಿರಿಯಾಪಟ್ಟಣದ ಕಾಲೇಜು, ಹುಣಸೂರಿನಲ್ಲಿ ಅರಸು ಅವರ ಹೆಸರಿನಲ್ಲಿರುವ ಸರ್ಕಾರಿ ಕಾಲೇಜು ಎರಡೂ ಹತ್ತಿರವಾದವು. ಆದರೆ ಹುಣಸೂರಿನಿಂದಾಚೆ ಮೈಸೂರು ಇನ್ನೂ ಸುಮಾರು 45 ಕಿ.ಮೀ. ದಿನವೂ ಹೋಗಿಬರುವವಳು ನಸುಕಿಗೆ ಮನೆ ಬಿಟ್ಟು ಕತ್ತಲಾದ ಮೇಲೆ ಮನೆ ಸೇರಬೇಕು. ಮಗು ಎದ್ದಿರುವ ಹೊತ್ತಿನಲ್ಲಿ ತಾಯಿ ಇರುವುದಿಲ್ಲ, ತಾಯಿ ಇರುವ ಹೊತ್ತಿನಲ್ಲಿ ಮಗು ಎದ್ದಿರುವುದಿಲ್ಲ. ಬಸ್ಸಿನ ಚಾರ್ಜು ಉಳಿಯಿತು, ಹೊತ್ತು ಉಳಿಯಲಿಲ್ಲ.

ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲಿ ಉದ್ಘಾಟನೆಯಾದ ‘ಗೃಹಲಕ್ಷ್ಮಿ’ ಯೋಜನೆ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಗೊತ್ತುಮಾಡಿತು. ಆದರೆ ತವರಿನಲ್ಲೋ ಅತ್ತೆಯ ಮನೆಯಲ್ಲೋ ಇರುವ ಒಂಟಿ ತಾಯಿ ಪಡಿತರ ಚೀಟಿಯ ಲೆಕ್ಕದಲ್ಲಿ ಯಜಮಾನಿಯಲ್ಲ. ಯಜಮಾನಿ ಅವಳ ತಾಯಿ, ಇಲ್ಲವೇ ಅತ್ತೆ. ಚೀಟಿ ಬೇರೆಯಾದರೆ ಮಾತ್ರ ಆ ಹಣ ಅವಳದು. ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಶಿಶುಪಾಲನಾ ಕೇಂದ್ರಗಳನ್ನು 2023-24ರಲ್ಲಿ ಆರಂಭಿಸಿದಾಗಲೂ ಮುಖ್ಯವಾಗಿ ಎಣಿಸಿದ್ದು ಉದ್ಯೋಗ ಖಾತರಿಯ ಕೂಲಿ ತಾಯಂದಿರನ್ನು. ಕೂಲಿಗೆ ಹೋಗುವವಳ ಕೂಸಿಗೆ ಆಸರೆ ಬೇಕೆಂದು ಒಪ್ಪಿದ ಮೇಲೆ ಕಾಲೇಜಿಗೆ ಹೋಗುವವಳ ಕೂಸಿಗೂ ಬೇಕೆಂದು ಒಪ್ಪುವುದು ದೂರದ ಮಾತಲ್ಲ.

ಮನೆಯಲ್ಲೇ ಕುಳಿತು ಓದಬಹುದಲ್ಲ ಎಂದು ಕೇಳುವವರಿದ್ದಾರೆ. ಮೈಸೂರು ವಿಶ್ವವಿದ್ಯಾಲಯ 1969ರಲ್ಲೇ ಅಂಚೆ ಶಿಕ್ಷಣ ಆರಂಭಿಸಿತು. 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೇ ಮೈಸೂರಿನಲ್ಲಿ ಹುಟ್ಟಿತು. ಬಿ.ಎ., ಎಂ.ಎ. ಪದವಿಗಳಿಗೆ ಇದು ನಿಜಕ್ಕೂ ದೊಡ್ಡ ವರ. ಆದರೆ ನರ್ಸಿಂಗ್, ಪಾಲಿಟೆಕ್ನಿಕ್, ಪ್ರಯೋಗಶಾಲೆ ಬೇಡುವ ವಿಜ್ಞಾನ, ಇವು ಎದುರಿಗೇ ನಿಂತು ಕಲಿಯಬೇಕಾದ ವಿದ್ಯೆಗಳು. ಬೇಗ ಕೆಲಸ ಸಿಗುವುದೂ ಬಹುಪಾಲು ಇಂಥ ಓದಿನಿಂದಲೇ. ಒಂಟಿ ತಾಯಿಗೆ ಅಂಚೆಯ ಓದು ಮಾತ್ರ ಸಾಕೆಂದರೆ ಅವಳ ಆಯ್ಕೆಯನ್ನು ಅವಳ ಪರವಾಗಿ ನಾವೇ ಮಾಡಿದಂತಾಯಿತು.

ಹೊರದೇಶದಲ್ಲಿ ನಡೆದದ್ದು

ಅಮೆರಿಕದ ಕಾಲೇಜುಗಳೂ ಒಂದು ಕಾಲಕ್ಕೆ ಮದುವೆಯಾಗದ ಹುಡುಗರ ಲೆಕ್ಕದಲ್ಲೇ ಕಟ್ಟಿದವು. ಎರಡನೇ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾನೂನು ಓದಲು ನೆರವು ಕೊಟ್ಟಿತು. 1947ರ ಹೊತ್ತಿಗೆ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿ ಈ ಸೈನಿಕರೇ. ಅವರಲ್ಲಿ ಅನೇಕರಿಗೆ ಹೆಂಡತಿ, ಮಕ್ಕಳಿದ್ದರು. ಸೈನ್ಯದ ತಗಡಿನ ಶೆಡ್ಡುಗಳನ್ನು, ಗಾಲಿಯ ಮನೆಗಳನ್ನು ತಂದು ಕಾಲೇಜಿನ ಅಂಗಳದಲ್ಲಿ ನಿಲ್ಲಿಸಿದರು. ಕುಟುಂಬಸ್ಥ ವಿದ್ಯಾರ್ಥಿಗಳ ವಸತಿ ಅಲ್ಲಿ ವ್ಯಾಪಕವಾದದ್ದು ಹೀಗೆ. ವಿದ್ಯಾರ್ಥಿ ಬದಲಾದಾಗ ವಸತಿಯೂ ಬದಲಾಯಿತು.

ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ 1995ರಲ್ಲಿ ಹುಟ್ಟಿದ ಸಂಸ್ಥೆಯೊಂದು ಮುಂದೆ ‘ಫ್ಯಾಮಿಲಿ ಸ್ಕಾಲರ್ ಹೌಸ್’ ಎಂಬ ಹೆಸರಿನಲ್ಲಿ ಓದುವ ಒಂಟಿ ಪೋಷಕರಿಗಾಗಿಯೇ ಮನೆಗಳ ಸಮುಚ್ಚಯ ಕಟ್ಟಿಸಿತು. ಮಿನಿಯಾಪೊಲಿಸ್‌ನಲ್ಲಿ 1998ರಲ್ಲಿ ಆರಂಭವಾದ ‘ಜೆರಮೈಯಾ ಪ್ರೋಗ್ರಾಂ’ ತಾಯಂದಿರ ಮನೆ, ಮಕ್ಕಳ ಶಾಲೆ ಎರಡನ್ನೂ ಒಂದೇ ಆವರಣಕ್ಕೆ ತಂದಿತು. ಇವುಗಳಿಂದ ಕಲಿಯಬೇಕಾದದ್ದು ಕಟ್ಟಡದ ವೈಭವವನ್ನಲ್ಲ. ಮನೆ, ಮಗುವಿನ ಪಾಲನೆ, ಓದು ಮೂರನ್ನೂ ಬೇರೆ ಬೇರೆ ಇಲಾಖೆಗಳಿಗೆ ಹಂಚದೆ ಒಂದೇ ಗಂಟಾಗಿ ನೋಡಿದ ಕ್ರಮವನ್ನು ಕಲಿಯಬೇಕು.

ತೊಟ್ಟಿ ಮನೆಯ ಪಾಠ

ನಮ್ಮಲ್ಲಿ ಇಂಥದ್ದನ್ನು ಕಟ್ಟುವುದು ಹೇಗೆ? ಮಾದರಿಗಾಗಿ ಬಹುದೂರ ಹೋಗಬೇಕಾಗಿಲ್ಲ. ಮೈಸೂರಿನ ವಠಾರ ನೆನಪಿರಲಿ. ಒಂದು ಅಂಗಳ, ಒಂದು ನಲ್ಲಿ, ಸುತ್ತ ಸಾಲು ಕೋಣೆಗಳು. ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳುವುದು ಅಲ್ಲಿ ಹೇಳಿಕೊಡಬೇಕಾದ ಪಾಠವಾಗಿರಲಿಲ್ಲ. ನಲ್ಲಿಯ ಜಗಳ, ಪಾಯಿಖಾನೆಯ ಗಲೀಜು, ಕಿವಿಗೊಡುವ ಗೋಡೆಗಳು ಅದರ ದೋಷ. ಅದಕ್ಕೂ ಹಳೆಯದು ನಮ್ಮ ತೊಟ್ಟಿ ಮನೆ. ನಡುವೆ ಬಯಲು ತೊಟ್ಟಿ, ಸುತ್ತ ಕಂಬದ ಜಗಲಿ, ಅದರ ಹಿಂದೆ ಕೋಣೆಗಳು. ಗಾಳಿ, ಬೆಳಕು ತಾವಾಗಿ ಬರುತ್ತವೆ. ಜಗಲಿಯಲ್ಲಿ ಪುಸ್ತಕ ಹಿಡಿದು ಕುಳಿತ ತಾಯಿಗೆ ತೊಟ್ಟಿಯಲ್ಲಿ ಆಡುವ ಮಗು ಕಣ್ಣಳತೆಯಲ್ಲೇ ಇರುತ್ತದೆ. ವಠಾರದ ನೆರೆ, ತೊಟ್ಟಿ ಮನೆಯ ನಕ್ಷೆ, ಅದಕ್ಕೆ ಪ್ರತಿ ಕೋಣೆಗೊಂದು ಶೌಚಾಲಯ ಸೇರಿಸಿದರೆ ಹತ್ತು ಹನ್ನೆರಡು ತಾಯಂದಿರ ಸಣ್ಣ ವಸತಿಗೆ ಅದೇ ತಕ್ಕ ಮಾದರಿ.

ಖರ್ಚು ಇಳಿಸುವ ವಿದ್ಯೆಯೂ ನಾಡಿನಲ್ಲೇ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಆರಂಭಿಸಿದ ‘ಅಸ್ತ್ರ’ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಒತ್ತುಮಣ್ಣಿನ ಇಟ್ಟಿಗೆಯನ್ನು ಅಭಿವೃದ್ಧಿಪಡಿಸಿದರು. ಮಣ್ಣು, ಮರಳಿಗೆ ಸ್ವಲ್ಪ ಸಿಮೆಂಟು ಬೆರೆಸಿ ಯಂತ್ರದಲ್ಲಿ ಒತ್ತಿದರೆ ಇಟ್ಟಿಗೆ ಸಿದ್ಧ. ಸುಡುವ ಕೆಲಸವಿಲ್ಲ. ಹೊಗೆಸೊಪ್ಪು ಹದ ಮಾಡಲು ಈಗಾಗಲೇ ಅಪಾರ ಸೌದೆ ಸುಡುವ ಈ ಸೀಮೆಯಲ್ಲಿ ಸೌದೆ ಬೇಡದ ಇಟ್ಟಿಗೆಗೆ ವಿಶೇಷ ಅರ್ಥವಿದೆ. ಮಾಡಿನ ಮಳೆನೀರು ತೊಟ್ಟಿಗೆ, ಸ್ನಾನದ ನೀರಿಗೆ ಬಿಸಿಲ ಒಲೆ. ಇಷ್ಟಾದರೆ ತಿಂಗಳ ಬಿಲ್ಲೂ ಇಳಿಯುತ್ತದೆ.

ಕಟ್ಟುವುದಕ್ಕಿಂತ ಕಷ್ಟದ್ದು ನಡೆಸುವುದು. ಉದ್ಘಾಟನೆಯ ಕಲ್ಲು ಹೊಳೆಯುತ್ತಿರುವಾಗಲೇ ಬಾಗಿಲು ಮುಚ್ಚಿದ ಕಟ್ಟಡಗಳನ್ನು ಎಲ್ಲರೂ ಕಂಡಿದ್ದಾರೆ. ಹಾಗಾಗದಿರಲು ಮೂರು ವಿಷಯ ಮುಖ್ಯ. ಒಂದು, ಬಾಡಿಗೆ ಆದಾಯಕ್ಕೆ ತಕ್ಕಂತಿರಬೇಕು, ಹಂಗಾಮು ನೋಡಿ ಕೊಡಲು ಅವಕಾಶವಿರಬೇಕು. ಮಠಗಳ ದಾಸೋಹಕ್ಕೆ ಸುಗ್ಗಿಯಲ್ಲಿ ದವಸ ಬರುವ ರೂಢಿ ನಮಗೆ ಹೊಸದಲ್ಲ. ಎರಡು, ವಾಸದ ಅವಧಿ ಓದಿನ ಅವಧಿಗೆ ಕಟ್ಟಿರಬೇಕು. ಮೂರು ವರ್ಷದ ಪದವಿಗೆ ಮೂರು ವರ್ಷ, ಕೆಲಸ ಹುಡುಕಲು ಇನ್ನೊಂದಷ್ಟು ತಿಂಗಳು. ಮೂರು, ನಡೆಸುವ ಸಮಿತಿಯಲ್ಲಿ ಅಲ್ಲಿರುವ ತಾಯಂದಿರೇ ಇರಬೇಕು. ಹಿಂಗಣೆಯ ಪಾಠ ಅದೇ.

ಹಣದ ದಾರಿಗಳೂ ಇಲ್ಲದಿಲ್ಲ. ಕೇಂದ್ರದ ನಗರ ವಸತಿ ಯೋಜನೆಯ 2024ರ ಎರಡನೇ ಹಂತದಲ್ಲಿ ಕಡಿಮೆ ಬಾಡಿಗೆಯ ಮನೆಗಳಿಗೆ ಪ್ರತ್ಯೇಕ ಭಾಗವಿದೆ. ಫಲಾನುಭವಿಗಳಲ್ಲಿ ದುಡಿಯುವ ಮಹಿಳೆಯರನ್ನೂ ವಿದ್ಯಾರ್ಥಿಗಳನ್ನೂ ಹೆಸರಿಸಲಾಗಿದೆ. ಇಬ್ಬರೂ ಒಬ್ಬಳೇ ಆಗಿರಬಹುದು, ಅವಳ ಸೆರಗು ಹಿಡಿದು ಮಗುವೊಂದು ನಿಂತಿರಬಹುದು ಎಂಬುದನ್ನು ನಕ್ಷೆ ಬರೆಯುವವರಿಗೆ ನೆನಪಿಸಬೇಕಾಗಿದೆ. ಹೊಸ ಕಟ್ಟಡಕ್ಕೆ ಕಾಯಬೇಕಾಗಿಯೂ ಇಲ್ಲ. ತಾಲ್ಲೂಕು ಕೇಂದ್ರದ ಹಾಸ್ಟೆಲೊಂದರಲ್ಲಿ ನೆಲಮಹಡಿಯ ನಾಲ್ಕು ಕೋಣೆಗಳನ್ನು ಬೇರ್ಪಡಿಸಿ, ಹತ್ತಿರದ ಅಂಗನವಾಡಿಯ ಹೊತ್ತನ್ನು ಸಂಜೆಗೆ ವಿಸ್ತರಿಸಿದರೂ ಆರಂಭವಾಗುತ್ತದೆ. ಇದನ್ನು ‘ಅನಾಥೆಯರ ಆಶ್ರಮ’ ಎಂದು ಕರೆಯದಿದ್ದರೆ ಸಾಕು. ಅವರು ಅನಾಥರಲ್ಲ, ವಿದ್ಯಾರ್ಥಿನಿಯರು.

ಕೊನೆಯದಾಗಿ ಒಂದು ಸಂಗತಿ. ತಾಯಿಯ ಓದಿಗಾಗಿ ಎರಡನೆಯ ವಯಸ್ಸಿನಲ್ಲಿ ಹಡಗು ಹತ್ತಿದ ಮನೋರಮಾ ಮುಂದೆ ತಾನೂ ಓದಿದಳು. ರಮಾಬಾಯಿ 1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಪ್ರೌಢಶಾಲೆ ತೆರೆದಾಗ ಅದರ ಮುಖ್ಯೋಪಾಧ್ಯಾಯಿನಿಯಾದವಳು ಅದೇ ಮಗಳು. ತಾಯಿಗೆ ಸಿಕ್ಕ ಒಂದು ಕೋಣೆಯಲ್ಲಿ ಓದುವುದು ಒಬ್ಬಳೇ ಅಲ್ಲ. ಮಗ್ಗುಲಲ್ಲಿ ಕುಳಿತು ಪುಟ ತಿರುವುವ ಮಗುವೂ ಓದುತ್ತಿರುತ್ತದೆ. ಒಂದು ಬಾಡಿಗೆಗೆ ಎರಡು ತಲೆಮಾರು ಓದುವ ಇಂಥ ಸೂರನ್ನು ಕಟ್ಟಲು ಹುಣಸೂರು, ಪಿರಿಯಾಪಟ್ಟಣಗಳು ಮನಸ್ಸು ಮಾಡಬೇಕು.